ಎಂಟು ನಿಮಿಷದ ಸವಾರಿ, ಎರಡು ಪುಟದ ಲೆಕ್ಕ

ದೆಹಲಿಯ ಸುತ್ತಮುತ್ತ ಇರುವ ಕನ್ನಡಿಗರ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಎರಡು ಮಾತು ಶುರುವಾಗುತ್ತವೆ. ಒಂದು, ಈ ಸಲ ಊರಿಗೆ ಯಾವಾಗ? ಇನ್ನೊಂದು, ಹಿಮ ನೋಡಲಿಕ್ಕೆ ಯಾವಾಗ? ತಮಾಷೆಯೆಂದರೆ ಎರಡಕ್ಕೂ ಇರುವುದು ಒಂದೇ ರಜೆ, ಒಂದೇ ದುಡ್ಡು. ಬೆಂಗಳೂರಿನ ನಂಟರು ಫೋನಿನಲ್ಲಿ "ನಿಮಗೇನಪ್ಪ, ಹಿಮಾಲಯ ಪಕ್ಕದಲ್ಲೇ ಇದೆ" ಎನ್ನುತ್ತಾರೆ. ಪಕ್ಕದಲ್ಲೇ ಇರುವುದು ನಿಜ, ಆದರೆ ಆ ಪಕ್ಕಕ್ಕೆ ಹೋಗಿ ಬರಲು ಎಷ್ಟು ಬೇಕು ಅಂತ ಅವರು ಕೇಳುವುದಿಲ್ಲ.

ಘಾಜಿಯಾಬಾದ್‌ನಲ್ಲಿ ಕನ್ನಡ ಕೇಳಿಸುವುದು ಹೊಸತಲ್ಲ. ಜಾಲಹಳ್ಳಿಯ ಬಿಇಎಲ್ 1974ರಲ್ಲಿ ತನ್ನ ಎರಡನೇ ಘಟಕವನ್ನು ಇಲ್ಲಿ ತೆರೆದಾಗಿನಿಂದ ವರ್ಗವಾಗಿ ಬಂದವರು, ಹಿಂಡನ್ ವಾಯುನೆಲೆಗೆ ಬಂದವರು, ಈಚೆಗೆ ನೋಯ್ಡಾದಲ್ಲಿ ಕೆಲಸ ಮಾಡುತ್ತಾ ಇಂದಿರಾಪುರಂ, ವೈಶಾಲಿ, ವಸುಂಧರಾದ ಫ್ಲ್ಯಾಟುಗಳಲ್ಲಿ ಬಾಡಿಗೆಗೆ ಇರುವವರು. 2019ರ ನವೆಂಬರಿನಲ್ಲಿ ಹಿಂಡನ್‌ನಿಂದ ಹುಬ್ಬಳ್ಳಿಗೆ ವಿಮಾನ ಶುರುವಾದಾಗ ನಮ್ಮಲ್ಲಿ ಎಷ್ಟೋ ಜನ ಅದನ್ನು ಹಬ್ಬದ ಸುದ್ದಿಯಂತೆ ಹಂಚಿಕೊಂಡಿದ್ದರು. ಇಂಥ ಮನೆಗಳಲ್ಲಿ ಖರ್ಚಿನ ಪುಸ್ತಕ ಇನ್ನೂ ಬದುಕಿದೆ. ನಮ್ಮ ಮನೆಯಲ್ಲೂ ಇದೆ. ಈ ಸಲ ಅದರಲ್ಲಿ ಎರಡು ಪುಟ ಹಿಡಿದದ್ದು ಹಿಮದ ಸ್ಕೂಟರು.

ಹಿಮದ ಸ್ಕೂಟರು ಅಂದರೆ ಸ್ನೋಮೊಬೈಲ್. ಮುಂದೆ ಎರಡು ಜಾರುಪಟ್ಟಿ, ಹಿಂದೆ ಟ್ರ್ಯಾಕ್ಟರಿನ ಹಾಗೆ ಸುತ್ತುವ ರಬ್ಬರಿನ ಪಟ್ಟೆ, ನಡುವೆ ಪೆಟ್ರೋಲ್ ಎಂಜಿನ್. ಇಂದು ಅದು ಮಕ್ಕಳ ಆಸೆಯ ಆಟಿಕೆ, ಆದರೆ ಹುಟ್ಟಿದ್ದು ಆಟಕ್ಕಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೇ ಎಂಬ ಮೆಕ್ಯಾನಿಕ್ 1934ರ ಚಳಿಗಾಲದಲ್ಲಿ ತನ್ನ ಎರಡು ವರ್ಷದ ಮಗನನ್ನು ಕಳೆದುಕೊಂಡ. ಹಿಮ ಬಿದ್ದು ರಸ್ತೆ ಮುಚ್ಚಿ ಆಸ್ಪತ್ರೆಗೆ ಒಯ್ಯಲಾಗಲಿಲ್ಲ. ಮುಂದಿನ ವರ್ಷಗಳಲ್ಲಿ ಹಿಮದ ಮೇಲೆ ಓಡುವ, ಹಲವರು ಕೂರಬಹುದಾದ ಗಾಡಿಗಳನ್ನು ಆತ ತಯಾರಿಸಿದ. ವೈದ್ಯರು, ಅಂಚೆಯವರು, ಶಾಲೆಯ ಮಕ್ಕಳು ಅದರಲ್ಲಿ ಓಡಾಡಿದರು. ಒಬ್ಬಿಬ್ಬರು ಕೂರುವ ಸಣ್ಣ ಗಾಡಿ 'ಸ್ಕೀ-ಡೂ' ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ನಮ್ಮ ಬೆಟ್ಟಗಳಲ್ಲಿ ಕಾಣುವುದು ಆ ಸಂತತಿಯದೇ. ಒಂದೇ ವ್ಯತ್ಯಾಸ: ಅಲ್ಲಿನವರು ದಿನಪೂರ್ತಿ ಬಾಡಿಗೆಗೆ ಪಡೆದು ಕಾಡು ಸುತ್ತುತ್ತಾರೆ, ಇಲ್ಲಿ ಚಾಲಕ ಜೊತೆಗೇ ಕೂತು ಒಂದು ಸುತ್ತು ಹಾಕಿಸಿ ಇಳಿಸುತ್ತಾನೆ.

ಇನ್ನು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ. ಘಾಜಿಯಾಬಾದ್‌ನಿಂದ ನೋಡಿದರೆ ಮೂರು ದಾರಿ.

ಮೊದಲನೆಯದು ಗುಲ್ಮಾರ್ಗ್. ಹಿಮ ಚೆನ್ನ, ಗೊಂಡೋಲಾ ಇದೆ, 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರಕ್ಕೆ ರೈಲೂ ಇದೆ. ಕೇಂದ್ರ ಸರ್ಕಾರಿ ನೌಕರರಿಗೆ ಊರಿನ ಎಲ್‌ಟಿಸಿಯ ಬದಲು ಜಮ್ಮು-ಕಾಶ್ಮೀರಕ್ಕೆ ಹೋಗುವ ವಿಶೇಷ ಅವಕಾಶವನ್ನು ಸರ್ಕಾರ ಮತ್ತೆ ಮತ್ತೆ ವಿಸ್ತರಿಸುತ್ತಾ ಬಂದಿದೆ. ಹಾಗೆ ಹೋಗಿಬಂದ ನೆರೆಹೊರೆಯವರು ಬಹಳ. ಆದರೆ 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಪ್ರವಾಸಿಗರ ಮೇಲೆ ಗುಂಡು ಹಾರಿ, ಸತ್ತವರಲ್ಲಿ ಕರ್ನಾಟಕದವರೂ ಇದ್ದರು ಎಂಬುದನ್ನು ನಮ್ಮ ಅಮ್ಮ ಮರೆತಿಲ್ಲ. ಮನೆಯ ಹಿರಿಯರು ಹೆದರಿಕೊಂಡೇ ಕೂತಿರುವ ಪ್ರವಾಸಕ್ಕೆ ಎಷ್ಟು ಕಡಿಮೆ ಖರ್ಚಾದರೂ ಅದು ಅಗ್ಗವಲ್ಲ. ಅಲ್ಲದೆ ಹಿಮಕ್ಕೆ ಗ್ಯಾರಂಟಿ ಗುಲ್ಮಾರ್ಗ್‌ನಲ್ಲೂ ಇಲ್ಲ. 2024ರ ಜನವರಿಯಲ್ಲಿ ಬಹುಪಾಲು ದಿನ ಅಲ್ಲಿ ಬರೀ ಕಂದು ಹುಲ್ಲು ಕಾಣುತ್ತಿತ್ತು, ಹಿಮ ಬಿದ್ದದ್ದು ತಿಂಗಳ ಕೊನೆಗೆ.

ಎರಡನೆಯದು ಉತ್ತರಾಖಂಡದ ಔಲಿ. ಮೀರತ್, ಹರಿದ್ವಾರ, ಋಷಿಕೇಶ ದಾಟಿ ಜೋಶಿಮಠದ ಮೇಲೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಿದರು. ಅದು ಸ್ಕೀಯಿಂಗ್ ಕಲಿಯುವವರ ಜಾಗ. ಮೊಣಕಾಲು ನೋವಿನ ಹಿರಿಯರನ್ನು ಕರೆದುಕೊಂಡು ಹೋಗಲು ದಾರಿಯೇ ಭಾರ.

ಮೂರನೆಯದು ಮನಾಲಿ. ಸುಮಾರು 530 ಕಿಲೋಮೀಟರ್. ನಾವು ಇದನ್ನೇ ಆರಿಸಿಕೊಂಡೆವು.

ಮನಾಲಿಯ ಹಿಮದ ಲೆಕ್ಕ ಬದಲಾದದ್ದು 2020ರ ಅಕ್ಟೋಬರ್ 3ರಂದು, 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದಾಗ. ಅದಕ್ಕೆ ಮೊದಲು ಚಳಿಗಾಲದಲ್ಲಿ ರೋಹ್ತಾಂಗ್ ಕಣಿವೆ ಮುಚ್ಚಿದರೆ ಲಾಹೋಲ್ ಜಗತ್ತಿನಿಂದ ಬೇರೆಯೇ. ಪ್ರವಾಸಿಗರು ಈಚೆ ಬದಿಯ ಸೋಲಾಂಗ್‌ನಲ್ಲಿ ಬಿದ್ದಷ್ಟು ಹಿಮದಲ್ಲಿ ತೃಪ್ತಿಪಡಬೇಕಿತ್ತು. ಈಗ ಸುರಂಗ ದಾಟಿದರೆ ಸಿಸ್ಸು, ಕೋಕ್ಸರ್. ಎರಡೂ ಮೂರು ಸಾವಿರ ಮೀಟರಿಗಿಂತ ಎತ್ತರ, ಹಿಮ ಹೆಚ್ಚು ದಿನ ನಿಲ್ಲುತ್ತದೆ. ಒಂದು ವಿಷಯ ನೆನಪಿರಲಿ: ಚಳಿಗಾಲದಲ್ಲಿ ಹಲ್ಡಾ ಹಬ್ಬದ ಹೊತ್ತಿಗೆ ದೇವರಿಗೆ ಗದ್ದಲ ಆಗಬಾರದೆಂದು ಸಿಸ್ಸುವಿನ ಊರವರು ಪ್ರವಾಸಿಗರ ಆಟಗಳನ್ನು ಕೆಲವು ವಾರ ನಿಲ್ಲಿಸುವುದುಂಟು. ಹೋಗುವ ಮೊದಲು ವಿಚಾರಿಸಿಕೊಳ್ಳಿ. ಅದು ಅವರ ಊರು, ನಾವು ಅತಿಥಿಗಳು.

ಯಾವಾಗ ಹೋಗುವುದು? ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬೇಡವೇ ಬೇಡ. 2024ರ ಡಿಸೆಂಬರಿನಲ್ಲಿ ಸೋಲಾಂಗ್ ಮತ್ತು ಸುರಂಗದ ನಡುವೆ ಸುಮಾರು ಸಾವಿರ ವಾಹನ ಹಿಮದಲ್ಲಿ ಸಿಕ್ಕಿಹಾಕಿಕೊಂಡು, ಜನ ಗಂಟೆಗಟ್ಟಲೆ ಕಾರಿನಲ್ಲೇ ಕೂತಿದ್ದರು. ಆ ವಾರ ಕೋಣೆಯ ಬಾಡಿಗೆಯೂ ಆಕಾಶಕ್ಕೆ. ಇಲ್ಲಿನ ಶಾಲೆಗಳಲ್ಲಿ ವಾರ್ಷಿಕ ಪರೀಕ್ಷೆ ಮುಗಿದು ಏಪ್ರಿಲ್‌ನಲ್ಲಿ ಹೊಸ ತರಗತಿ ಶುರುವಾಗುವ ಮೊದಲು ಮಾರ್ಚ್‌ನಲ್ಲಿ ಒಂದು ಸಣ್ಣ ಸಂದು ಸಿಗುತ್ತದೆ. ಸೋಲಾಂಗ್‌ನಲ್ಲಿ ಆಗ ಹಿಮ ಕರಗಿರಬಹುದು, ಕೋಕ್ಸರ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ. ನಾವು ಹೋದದ್ದು ಆಗ. ಹವಾಮಾನಕ್ಕೂ ಒಂದು ಸುಲಭದ ಗುರುತಿದೆ. ಭೂಮಧ್ಯ ಸಮುದ್ರದ ಕಡೆಯಿಂದ ಬರುವ ಗಾಳಿಯ ಅಲೆಯೇ ನಮಗೆ ಚಳಿಗಾಲದ ತುಂತುರು ಮಳೆ, ಬೆಟ್ಟಕ್ಕೆ ಹಿಮ ತರುವುದು. ಘಾಜಿಯಾಬಾದ್‌ನಲ್ಲಿ ಜನವರಿ-ಫೆಬ್ರುವರಿಯಲ್ಲಿ ಅಕಾಲದ ಮಳೆ ಹನಿದರೆ ಮೇಲೆ ಹಿಮ ಬೀಳುತ್ತಿರುವ ಸಾಧ್ಯತೆ ಹೆಚ್ಚು. ಆ ದಿನವೇ ಹೊರಡಬೇಡಿ. ರಸ್ತೆ ತೆರವು ಮಾಡಲು ಎರಡು ದಿನ ಬಿಡಿ.

ಈಗ ಪುಸ್ತಕದ ಪುಟ. ನಾವು ಐದು ಜನ: ಗಂಡ-ಹೆಂಡತಿ, ಇಬ್ಬರು ಮಕ್ಕಳು, ಹುಬ್ಬಳ್ಳಿಯಿಂದ ಬಂದ ಅಮ್ಮ. ಸ್ವಂತ ಪೆಟ್ರೋಲ್ ಕಾರು. ಐದು ರಾತ್ರಿ, ಎರಡು ಕೋಣೆ.

ಪೆಟ್ರೋಲ್, ಸುಮಾರು 1,200 ಕಿ.ಮೀ.ಗೆ: 8,200 ರೂ.
ಟೋಲ್, ಹೋಗಿ ಬರಲು: 2,400 ರೂ.
ಕೋಣೆ, ರಾತ್ರಿಗೆ 4,000ದಂತೆ: 20,000 ರೂ.
ಊಟ-ತಿಂಡಿ, ದಿನಕ್ಕೆ 2,500ರಂತೆ ಆರು ದಿನ: 15,000 ರೂ.
ಮನಾಲಿಯಿಂದ ಕೋಕ್ಸರ್‌ಗೆ ಟ್ಯಾಕ್ಸಿ: 3,500 ರೂ.
ಹಿಮದ ಕೋಟು, ಬೂಟು ಬಾಡಿಗೆ, ಐವರಿಗೆ: 1,500 ರೂ.
ಹಿಮದ ಸ್ಕೂಟರು, ಮೂವರಿಗೆ 1,200ರಂತೆ: 3,600 ರೂ.

ಒಟ್ಟು 54,200. ಇದರ ಮೇಲೆ, ರಸ್ತೆ ಮುಚ್ಚಿ ಒಂದು ದಿನ ಹೆಚ್ಚು ಉಳಿಯಬೇಕಾದರೆ ಎಂದು 6,500 ರೂಪಾಯಿ ಬೇರೆ ಲಕೋಟೆಯಲ್ಲಿ. ಈ ದರಗಳು ನಮಗೆ ಸಿಕ್ಕವು. ನಿಮಗೆ ಹೆಚ್ಚು-ಕಡಿಮೆ ಆಗಬಹುದು, ಆದರೆ ಒಂದಕ್ಕೊಂದು ಎಷ್ಟು ಪಾಲು ಎಂಬುದು ಹೆಚ್ಚು ಬದಲಾಗದು.

ಆ ಪಾಲನ್ನೇ ನೋಡಿ. ಯಾವ ಸ್ಕೂಟರಿಗಾಗಿ ಮಕ್ಕಳು ತಿಂಗಳುಗಟ್ಟಲೆ ಗೋಗರೆದರೋ ಅದಕ್ಕೆ ಹೋದದ್ದು ನೂರರಲ್ಲಿ ಏಳು ರೂಪಾಯಿಗೂ ಕಡಿಮೆ. ಒಬ್ಬೊಬ್ಬರ ಸವಾರಿ ಎಂಟು ನಿಮಿಷ. ಉಳಿದ ತೊಂಬತ್ಮೂರು ರೂಪಾಯಿ ಆ ಎಂಟು ನಿಮಿಷದ ಬಳಿಗೆ ಹೋಗಿ ಬರಲು. ಹಾಗಾಗಿ ಸ್ಕೂಟರಿನವನ ಹತ್ತಿರ ಇನ್ನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ. ಉಳಿತಾಯ ಇರುವುದು ಕೋಣೆ, ಊಟ, ದಾರಿಯಲ್ಲಿ.

ದಾರಿಯಲ್ಲಿ ಹೇಗೆ? ದೆಹಲಿಯ ಒಳಗೆ ನುಗ್ಗದೆ ದುಹಾಯಿಯಲ್ಲಿ ಈಸ್ಟರ್ನ್ ಪೆರಿಫೆರಲ್ ಎಕ್ಸ್‌ಪ್ರೆಸ್‌ವೇ ಹತ್ತಿ, ಬಾಗ್‌ಪತ್ ಮೂಲಕ ಕುಂಡ್ಲಿಗೆ ಇಳಿದರೆ ನೇರ ಅಂಬಾಲಾ ಹೆದ್ದಾರಿ. 2018ರಲ್ಲಿ ತೆರೆದ ಈ ರಸ್ತೆ ಘಾಜಿಯಾಬಾದ್‌ನವರಿಗೆ ದೊಡ್ಡ ಉಪಕಾರ. ಹಳೆಯ ಗಾಡಿ ಇದ್ದವರು ಒಂದು ಎಚ್ಚರ ವಹಿಸಬೇಕು. ಗಾಳಿ ಕೆಟ್ಟು ಗ್ರಾಪ್ ಮೂರನೇ ಹಂತ ಜಾರಿಯಾದರೆ ಬಿಎಸ್-3 ಪೆಟ್ರೋಲ್, ಬಿಎಸ್-4 ಡೀಸೆಲ್ ಕಾರುಗಳಿಗೆ ನಮ್ಮ ಜಿಲ್ಲೆಯಲ್ಲೂ ನಿರ್ಬಂಧ ಬರುತ್ತದೆ. ಇಬ್ಬರೇ ಇದ್ದರೆ ಕಾರು ಬೇಡ, ಕಾಶ್ಮೀರಿ ಗೇಟ್‌ನಿಂದ ಹಿಮಾಚಲ ಸಾರಿಗೆಯ ರಾತ್ರಿ ಬಸ್ ಅಗ್ಗ. ಐವರಾದರೆ ಕಾರೇ ಲಾಭ. ಕೋಣೆಯನ್ನು ಮಾಲ್ ರಸ್ತೆಯಿಂದ ಸ್ವಲ್ಪ ದೂರ ಹಿಡಿಯಿರಿ. ಅಡುಗೆಮನೆ ಇರುವ ಹೋಮ್‌ಸ್ಟೇ ಸಿಕ್ಕರೆ ಅವಲಕ್ಕಿ, ರವೆ, ಚಟ್ನಿಪುಡಿಯಲ್ಲಿ ತಿಂಡಿ ಮುಗಿಯುತ್ತದೆ.

ಕಡಿತ ಮಾಡಬಾರದ ಜಾಗ ಮೂರು. ಮೊದಲನೆಯದು ಮಂಡಿಯಲ್ಲಿ ಹೋಗುವಾಗ ಬರುವಾಗ ಮಾಡಿದ ಒಂದೊಂದು ರಾತ್ರಿಯ ವಸತಿ. ಬಿಯಾಸ್ ನದಿ 2023ರ ಜುಲೈಯಲ್ಲಿ ಆ ಹೆದ್ದಾರಿಯನ್ನು ಅಲ್ಲಲ್ಲಿ ಕೊಚ್ಚಿಕೊಂಡು ಹೋಗಿತ್ತು, 2025ರ ಮಳೆಗಾಲದಲ್ಲಿ ಮತ್ತೆ. ಆ ದಾರಿಯಲ್ಲಿ ನಿದ್ದೆಗಣ್ಣಿನ ಚಾಲನೆ ಸಲ್ಲದು. ಎರಡನೆಯದು ಬೂಟು. ಒದ್ದೆ ಕಾಲಿನ ಮಗು ಹತ್ತು ನಿಮಿಷದಲ್ಲಿ ಎಲ್ಲರ ದಿನ ಹಾಳುಮಾಡುತ್ತದೆ. ಮೂರನೆಯದು ಆ ಲಕೋಟೆ. ಪ್ರವಾಸದ ವಿಮೆ ಮಾಡಿಸುವುದಾದರೆ ಸಾಹಸ ಕ್ರೀಡೆ ಸೇರಿದೆಯೇ ಎಂದು ಷರತ್ತು ಓದಿ, ಎಷ್ಟೋ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಕೋಕ್ಸರ್‌ನಲ್ಲಿ ಬೆಳಗ್ಗೆ ಹತ್ತಕ್ಕೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹತ್ತುವ ಮೊದಲು ಮೂರು ವಿಷಯ ಇತ್ಯರ್ಥ ಮಾಡಿಕೊಂಡೆವು: ಎಲ್ಲಿಂದ ಎಲ್ಲಿಗೆ ಸುತ್ತು, ಒಬ್ಬರಿಗೋ ಗಾಡಿಗೋ ದರ, ಹೆಲ್ಮೆಟ್ ಉಂಟೇ. ಹೆಲ್ಮೆಟ್ ಬಂದ ಮೇಲೇ ಮಕ್ಕಳು ಹತ್ತಿದ್ದು. ಹೆಂಡತಿ ಮೂರನೆಯವಳು. ಅಮ್ಮನಿಗೆ ಸವಾರಿ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು. ಗಾಡಿ ದಿಣ್ಣೆ ಹಾರುವಾಗ ಬೆನ್ನುಮೂಳೆಗೆ ಬೀಳುವ ಕುಲುಕು ಎಪ್ಪತ್ತರ ವಯಸ್ಸಿಗಲ್ಲ, ಬಿಪಿ ಮಾತ್ರೆ ಬೇರೆ. ಎತ್ತರಕ್ಕೆ ಹೋಗಬಹುದೇ ಎಂದು ಡಾಕ್ಟರನ್ನು ಕೇಳಿಕೊಂಡೇ ಹೊರಟಿದ್ದೆವು.

ಅವರು ಚಹಾ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಸ್ಕೂಟರು ಎದುರಿಗೇ ಹಾದು ನೀಲಿ ಹೊಗೆ ಬಿಟ್ಟಾಗ ಸೆರಗು ಮೂಗಿಗೆ ಹಿಡಿದು, "ಇಷ್ಟ ಹೊಗಿ ಕುಡ್ಯಾಕ ಇಲ್ಲಿತನಕ ಬರಬೇಕಿತ್ತೇನ? ಅದು ನಿಮ್ಮ ಘಾಜಿಯಾಬಾದಿನ್ಯಾಗ ಪುಕ್ಕಟ ಸಿಗತಿತ್ತಲ್ಲ" ಎಂದರು. ನಗು ಬಂತು, ಆದರೆ ಮಾತು ಸುಳ್ಳಲ್ಲ. ಇದೇ ಕಾರಣಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ರೋಹ್ತಾಂಗ್, ಸೋಲಾಂಗ್ ಕಡೆ ಇಂಥ ವಹಿವಾಟಿಗೆ ತಡೆ ಹಾಕಿತ್ತು, ರೋಹ್ತಾಂಗ್‌ಗೆ ದಿನಕ್ಕೆ ಇಷ್ಟೇ ವಾಹನ ಎಂದು ಮಿತಿ ಇಟ್ಟಿತು. ತಡೆ ಬಂದಾಗ ಬೀದಿಗೆ ಬಂದದ್ದು ಸ್ಥಳೀಯರ ಹೊಟ್ಟೆಪಾಡು. ನಮ್ಮ ಚಾಲಕ ಹುಡುಗ ಹೇಳಿದ್ದೂ ಅದೇ: ವರ್ಷದಲ್ಲಿ ಮೂರು-ನಾಲ್ಕು ತಿಂಗಳು ಈ ಕೆಲಸ, ಉಳಿದಂತೆ ಬಟಾಣಿ ಹೊಲ. ಹಿಮ ತಡವಾಗಿ ಬಿದ್ದರೆ ಗಾಡಿಯ ಕಂತು ತಪ್ಪುತ್ತದೆ. ಅವನ ಪುಸ್ತಕದಲ್ಲೂ ಒಂದು ಲೆಕ್ಕ ಇದೆ ಎಂದಾಯಿತು.

ಕೊನೆಗೆ ಆ ಮೊದಲ ಪ್ರಶ್ನೆ. ನಾಲ್ವರು ಸಂಪರ್ಕ ಕ್ರಾಂತಿಯ ಮೂರನೇ ದರ್ಜೆ ಎಸಿಯಲ್ಲಿ ಹುಬ್ಬಳ್ಳಿಗೆ ಹೋಗಿ ಬಂದರೆ ಟಿಕೆಟ್ಟಿಗೆ ಇಪ್ಪತ್ತು ಸಾವಿರದ ಆಸುಪಾಸು. ಹಿಮದ ದುಡ್ಡಿನಲ್ಲಿ ಎರಡು ಸಲ ಊರು ನೋಡಬಹುದು, ಕೈಯಲ್ಲೂ ಸ್ವಲ್ಪ ಉಳಿಯುತ್ತದೆ. ಈ ಲೆಕ್ಕ ಮುಂದಿಟ್ಟಾಗ ನಮ್ಮ ಮನೆಯಲ್ಲಿ ಎರಡು ದಿನ ಮಾತು ಕಡಿಮೆಯಾಗಿತ್ತು. ಊರಿನ ಮನೆಯಲ್ಲಿ ಅಮ್ಮ ಒಬ್ಬರೇ. ಹಿಮ ನೋಡಿ ಬಂದು ಬೇಸಿಗೆಯಲ್ಲಿ ದುಡ್ಡಿಲ್ಲ ಎಂದರೆ ಆ ವರ್ಷ ಅವರ ಬಾಗಿಲು ತಟ್ಟುವವರು ಯಾರು? ಅದಕ್ಕೇ ಅವರನ್ನೇ ಇಲ್ಲಿಗೆ ಕರೆಸಿದ್ದು, ಒಬ್ಬರ ಟಿಕೆಟ್ಟಿನಲ್ಲಿ. ಎರಡು ತಿಂಗಳು ಇದ್ದರು, ಮೊಮ್ಮಕ್ಕಳಿಗೆ ಪರೀಕ್ಷೆಗೆ ಎಬ್ಬಿಸಿದರು, ಬೆಟ್ಟಕ್ಕೂ ಬಂದರು.

ಎಲ್ಲರ ಮನೆಯಲ್ಲೂ ಹೀಗೆ ಆಗಲಿಕ್ಕಿಲ್ಲ. ಹಿರಿಯರು ಪ್ರಯಾಣ ಮಾಡಲಾರದ ಸ್ಥಿತಿಯಲ್ಲಿದ್ದರೆ ನಾನು ಹೇಳುವುದಿಷ್ಟೆ: ಆ ವರ್ಷ ಊರಿಗೆ ಹೋಗಿ. ಹಿಮ ಒಂದು ವರ್ಷ ಕಾಯಬಲ್ಲದು. ಹೋಗುವುದೇ ಆದರೆ ವರ್ಷದ ಮೊದಲ ತಿಂಗಳಿಂದ ನಾಲ್ಕೂವರೆ-ಐದು ಸಾವಿರ ಬೇರೆ ಖಾತೆಯಲ್ಲಿ ಇಡುತ್ತಾ ಬನ್ನಿ, ಸಾಲದ ಕಾರ್ಡಿನಲ್ಲಿ ಬೆಟ್ಟ ಹತ್ತಬೇಡಿ. ಊರಿನ ಟಿಕೆಟ್ಟಿನ ದುಡ್ಡನ್ನು ಮೊದಲು ಎತ್ತಿಡಿ, ಉಳಿದದ್ದರಲ್ಲಿ ಹಿಮದ ಪುಟ ಬರೆಯಿರಿ. ಅದರ ತಳದಲ್ಲಿ ಆ ಲಕೋಟೆಯ ಸಾಲು ಮರೆಯಬೇಡಿ. ನಮ್ಮದು ಈ ಸಲ ಒಡೆಯದೆ ವಾಪಸು ಬಂತು, ಈಗ ಅದರ ಮೇಲೆ "ಮೇ, ಹುಬ್ಬಳ್ಳಿ" ಎಂದು ಬರೆದಿಟ್ಟಿದ್ದೇವೆ.