ಒಂದು ಕೋಳಿ, ಹತ್ತು ಬಟ್ಟಲು

ಜಾವಾದ್ವೀಪದ ಮನೆಗಳಲ್ಲಿ ‘ಸೊತೊ ಆಯಾಮ್’ ಎಂಬ ಕೋಳಿಯ ಸಾರು ಬಹು ಪ್ರಸಿದ್ಧವಾದುದು. ಆಯಾಮ್ ಎಂದರೆ ಅಲ್ಲಿಯ ನುಡಿಯಲ್ಲಿ ಕೋಳಿ. ಒಂದೇ ಕೋಳಿಯಿಂದ ಎಂಟು ಹತ್ತು ಮಂದಿಯನ್ನು ತಣಿಸುವ ಜಾಣ್ಮೆಯು ಈ ಅಡಿಗೆಯಲ್ಲಿ ಅಡಗಿದೆ.

ಗೃಹಿಣಿಯು ನಾಟಿಕೋಳಿಯನ್ನು ಸಣ್ಣ ಉರಿಯಲ್ಲಿ ಬೇಯಿಸುತ್ತ, ಮೇಲೆ ಕಟ್ಟುವ ನೊರೆಯನ್ನು ತೆಗೆಯುತ್ತಾಳೆ. ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಹಸಿಯ ಅರಿಸಿನ, ಶುಂಠಿ, ಮೆಣಸು, ‘ಕೆಮಿರಿ’ ಎಂಬ ಜಿಡ್ಡುಳ್ಳ ಬೀಜ ಇವನ್ನು ಆಳವಿಲ್ಲದ ಕಲ್ಲೊರಳಿನಲ್ಲಿ ನುಣ್ಣಗೆ ಅರೆದು, ನಿಂಬೆಹುಲ್ಲಿನೊಡನೆ ಎಣ್ಣೆಯಲ್ಲಿ ಹುರಿಯುತ್ತಾಳೆ. ಹಸಿವಾಸನೆ ಹೋಗುವ ಮುನ್ನವೇ ಆತುರಪಟ್ಟು ಇದನ್ನು ಸಾರಿಗೆ ಹಾಕಿದರೆ ಪಾಕವು ಕೆಟ್ಟಿತೆಂದೇ ತಿಳಿಯಬೇಕು.

ಬೆಂದ ಕೋಳಿಯನ್ನು ಹೊರತೆಗೆದು, ತುಸು ಕರಿದು, ಎಳೆಯೆಳೆಯಾಗಿ ಬಿಡಿಸುವರು. ತೊಡೆ ಯಾರಿಗೆ, ರೆಕ್ಕೆ ಯಾರಿಗೆ ಎಂಬ ವಿವಾದಕ್ಕೆ ಇಲ್ಲಿ ಎಡೆಯೇ ಇಲ್ಲ. ಪ್ರತಿಯೊಂದು ಬಟ್ಟಲಿನಲ್ಲಿಯೂ ಗಾಜಿನಂತೆ ಹೊಳೆಯುವ ಶ್ಯಾವಿಗೆ, ಮೊಳಕೆಕಾಳು, ಮೊಟ್ಟೆಯ ಹೋಳು. ಮೇಲೆ ಕೋಳಿಯ ಎಳೆಗಳು. ಅದರ ಮೇಲೆ ಕುದಿಯುವ ಹೊಂಬಣ್ಣದ ಸಾರು. ಪೂರ್ವಜಾವಾದ ಲಮೊಂಗಾನಿನವರು ಸಿಗಡಿಯ ಹಪ್ಪಳವನ್ನೂ ಕರಿದ ಬೆಳ್ಳುಳ್ಳಿಯನ್ನೂ ಕುಟ್ಟಿದ ‘ಕೊಯಾ’ ಪುಡಿಯನ್ನು ಉದುರಿಸುವರು. ಹುಳಿಯೂ ಖಾರವೂ ಅವರವರ ಇಚ್ಛೆ. ಅತಿಥಿಯೊಬ್ಬನು ಅನಿರೀಕ್ಷಿತವಾಗಿ ಬಂದನೆ? ಶ್ಯಾವಿಗೆ ಒಂದು ಹಿಡಿ ಹೆಚ್ಚುವುದು. ಯಾರ ಪಾಲೂ ಕುಗ್ಗಿದಂತೆ ತೋರದು.

ಸಂಸ್ಕೃತದ ಮರೀಚವು ಆ ನುಡಿಯಲ್ಲಿ ‘ಮೆರಿಚ’ವಾಗಿದೆ. ‘ರಸ’ವೋ ರಸವಾಗಿಯೇ ಉಳಿದು, ನಾಲಗೆಯ ರುಚಿಯನ್ನೂ ಮನಸ್ಸಿನ ಭಾವವನ್ನೂ ಸೂಚಿಸುತ್ತದೆ. ಇದ್ದುದು ಅಲ್ಪವಾದರೂ ಅಲ್ಪವೆಂದು ತೋರಗೊಡದೆ ಸಮನಾಗಿ ಹಂಚುವ ಆ ಗೃಹಿಣಿಯ ಬಟ್ಟಲಿಗೆ ಈ ಎರಡು ಅರ್ಥಗಳೂ ಸಲ್ಲುತ್ತವೆ.