ಮಂಜಿನ ಹೆಸರಿನ ದ್ರಾಕ್ಷಿ

ಇಟಲಿ ಅಂದರೆ ನಮಗೆ ನೆನಪಾಗುವುದು ರೋಮ್, ವೆನಿಸ್. ಆದರೆ ಉತ್ತರ ಇಟಲಿಯ ಪಿಯೆಮೊಂಟೆ ಪ್ರಾಂತದಲ್ಲಿ, ಟ್ಯೂರಿನ್ ನಗರದ ದಕ್ಷಿಣಕ್ಕೆ, ಲಾಂಗೆ ಎಂಬ ಗುಡ್ಡಗಳ ಸೀಮೆಯೊಂದಿದೆ. ಬಾಚಣಿಗೆಯಲ್ಲಿ ಬಾಚಿದಂತೆ ಇಳಿಜಾರಿನ ಉದ್ದಕ್ಕೂ ದ್ರಾಕ್ಷಿಯ ಸಾಲು. ನೆತ್ತಿಯ ಮೇಲೊಂದು ಪುಟ್ಟ ಊರು. 2014ರಲ್ಲಿ ಯುನೆಸ್ಕೋ ಈ ಸೀಮೆಯ ತೋಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ವೈನ್ ಮಾತು ಬಂತೆಂದು ಮೂಗು ಮುರಿಯಬೇಡಿ. ಅಲ್ಲಿ ಅದು ಊಟದ ಜೊತೆಗಿನ ಒಂದು ಲೋಟ, ರೈತನ ಮನೆಗೆ ಅನ್ನ.

ಇಲ್ಲಿನ ಮೂರು ಕಪ್ಪು ದ್ರಾಕ್ಷಿಗಳು ಒಂದೇ ಮನೆಯ ಮೂವರು ಅಕ್ಕತಂಗಿಯರಿದ್ದಂತೆ. ಮೊದಲು ಹಣ್ಣಾಗುವುದು ದೊಲ್ಚೆತ್ತೊ. ಹೆಸರಿನ ಅರ್ಥ 'ಸಿಹಿಪುಟ್ಟಿ', ಆದರೆ ಅದರ ವೈನಿನಲ್ಲಿ ಸಿಹಿಯೇ ಇಲ್ಲ, ನೋಡಿ! ಎರಡನೆಯವಳು ಬಾರ್ಬೆರಾ, ಹುಳಿ ಮುಂದು, ದಿನದ ಊಟಕ್ಕೆ ಇವಳೇ. ಕಡೆಗೆ ಅಕ್ಟೋಬರಿನಲ್ಲಿ, ಕಣಿವೆಗೆ ಮಂಜು ಇಳಿಯುವ ಹೊತ್ತಿಗೆ ಮಾಗುವವಳು ನೆಬ್ಬಿಯೋಲೋ. 'ನೆಬ್ಬಿಯಾ' ಅಂದರೆ ಮಂಜು. ಹೆಸರು ಬಂದದ್ದು ಅದರಿಂದಲೇ ಅಂತಾರೆ. ಬಿಸಿಲು ಚೆನ್ನಾಗಿ ಬೀಳುವ ದಕ್ಷಿಣದ ಇಳಿಜಾರೆಲ್ಲ ಇವಳಿಗೇ ಮೀಸಲು. ಬಣ್ಣ ತೆಳು, ಒಗರು ಮಾತ್ರ ನೆಲ್ಲಿಕಾಯಿಯ ಹಾಗೆ. ಬರೋಲೋ ಊರು ಮತ್ತು ನೆರೆಯ ಹತ್ತು ಊರುಗಳಲ್ಲಿ ಬೆಳೆದ ನೆಬ್ಬಿಯೋಲೋದಿಂದ ಮಾಡಿದ್ದಕ್ಕೆ ಮಾತ್ರ 'ಬರೋಲೋ' ಎಂಬ ಹೆಸರು. ಒಗರು ಇಳಿಯಲೆಂದು ಕಡಿಮೆಯೆಂದರೆ 38 ತಿಂಗಳು ಕಾಯಿಸಬೇಕು. ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಇದು ಅಲ್ಲಿನ ಕಾನೂನು.

ಒಂದು ಹೆಸರಿಗೆ ಇಷ್ಟೊಂದು ಕಟ್ಟುಪಾಡು ಯಾಕೆ ಅಂತೀರಾ? 1986ರ ಕಥೆ ಕೇಳಿ. ಈ ಗುಡ್ಡಗಳ ಪಕ್ಕದ ಊರೊಂದರಿಂದ ಹೊರಟ ಅಗ್ಗದ ವೈನಿಗೆ, ಅಮಲು ಹೆಚ್ಚಿಸಲೆಂದು ಮೆಥನಾಲ್ ಬೆರೆಸಿದ್ದರು. ಶೀಸೆಯ ಮೇಲೆ ಬಾರ್ಬೆರಾ ಎಂಬ ಹೆಸರು. ಊಟದ ಜೊತೆ ಎಂದಿನಂತೆ ಕುಡಿದವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಕೆಲವರ ಕಣ್ಣೇ ಹೋಯಿತು. ಹೊರದೇಶಗಳು ಇಟಲಿಯ ವೈನನ್ನು ತಡೆದು ನಿಲ್ಲಿಸಿದವು. ತಪ್ಪು ಕೆಲವರದು, ಪೆಟ್ಟು ಬಿದ್ದದ್ದು ಬೆವರು ಸುರಿಸಿ ಬೆಳೆದ ಎಲ್ಲ ಮನೆಗಳಿಗೂ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ನಾವು ಹೇಳುವುದಿಲ್ಲವೆ?

ಆಮೇಲೆ ಹೆಸರು ಮರಳಿ ಬಂದದ್ದು ನಿಧಾನವಾಗಿ. 1992ರಲ್ಲಿ ಹೊಸ ಕಾನೂನು ಬಂತು. ಒಳ್ಳೆಯ ಬೆಳೆಗಾರರು ಹೆಚ್ಚು ಬೆಳೆಯುವ ಆಸೆ ಬಿಟ್ಟರು. ಬೇಸಿಗೆಯಲ್ಲಿ ಕೆಲವು ಹಸಿ ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಬೀಳಿಸುತ್ತಾರೆ, ಉಳಿದವು ಚೆನ್ನಾಗಿ ಮಾಗಲಿ ಅಂತ. ಮರ್ಯಾದೆ ಕಳೆದುಕೊಂಡಿದ್ದ ಬಾರ್ಬೆರಾಗೂ ಕಾಲ ಬಂತು: ಆಸ್ತಿ ಎಂಬ ಊರಿನ ಸುತ್ತಲ ಬಾರ್ಬೆರಾ ವೈನ್ 2008ರಲ್ಲಿ ಬರೋಲೋದಂತೆಯೇ ದೇಶದ ಅತಿ ಮೇಲಿನ ದರ್ಜೆಗೆ ಸೇರಿತು.

ವೈನ್ ಮುಟ್ಟದವರಿಗೂ ಅಲ್ಲೊಂದು ರುಚಿಯಿದೆ: ಕುನ್ಯಾ. ಕೊಯ್ಲಿನ ದಿನಗಳಲ್ಲಿ ಇನ್ನೂ ಹುಳಿಯದ ತಾಜಾ ದ್ರಾಕ್ಷಿರಸವನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಪೇರು ಹಣ್ಣಿನ ಹೋಳು, ಅಲ್ಲೇ ಬೆಳೆಯುವ ಹೇಜಲ್ ಬೀಜ ಹಾಕಿ, ಬೆಲ್ಲದ ಪಾಕದಂತೆ ಗಟ್ಟಿಯಾಗುವ ತನಕ ಕೈಯಾಡಿಸುತ್ತಾರೆ. ಸಕ್ಕರೆಯೇ ಬೇಕಿಲ್ಲ. ಮೆಕ್ಕೆಜೋಳದ ಮುದ್ದೆಗೆ ನೆಂಚಿಕೊಳ್ಳಲು ಒಳ್ಳೆಯ ಜೊತೆ. ಭರಣಿಯಲ್ಲಿ ತುಂಬಿಟ್ಟರೆ ಚಳಿಗಾಲಕ್ಕೂ ಉಳಿಯುತ್ತದೆ.