ಕಿವಿಯೂ ನುಡಿಯುತ್ತದೆ

ಶ್ರವಣಬೆಳಗೊಳವೆಂಬ ಹೆಸರಿನಲ್ಲಿರುವ ‘ಶ್ರವಣ’ ಶಬ್ದಕ್ಕೂ ಕೇಳುವಿಕೆಗೂ ಸಂಬಂಧವಿಲ್ಲ. ಅದು ಜೈನ ಯತಿಯನ್ನು ಸೂಚಿಸುವ ‘ಶ್ರಮಣ’ ಶಬ್ದದ ರೂಪಾಂತರ. ಬೆಳಗೊಳವೆಂದರೆ ಬಿಳಿಯ ಕೊಳ. ಆದರೂ ಯಾತ್ರಿಕರ ಸದ್ದಡಗಿದ ಇರುಳಿನಲ್ಲಿ, ವಿಂಧ್ಯಗಿರಿಯ ಬುಡದ ಕಲ್ಯಾಣಿಯ ದಡದಲ್ಲಿ ನಿಂತವನಿಗೆ ಕಿವಿಗೆ ಸಲ್ಲುವ ಅರ್ಥವೂ ಹೊಳೆಯದಿರದು. ಮೇಲೆ ಮೌನಿಯಾದ ಗೊಮ್ಮಟ. ಕೆಳಗೆ ಪೊದೆಪೊದೆಯಲ್ಲಿಯೂ ಚಿಮ್ಮಂಡೆಗಳ ಝೇಂಕಾರ. ಅಂಗುಲ ಪ್ರಮಾಣದ ಆ ಜೀವಿಯ ಕಿವಿ ಇರುವುದು ಮುಂಗಾಲಿನಲ್ಲಿ. ಅಷ್ಟು ಗದ್ದಲದ ನಡುವೆ ಅದು ತನ್ನ ಕುಲದ ದನಿಯನ್ನೇ ಆರಿಸಿಕೊಳ್ಳುವುದಾದರೂ ಹೇಗೆ?

ಚಿನಿವಾರನ ತಕ್ಕಡಿ ಗುಲಗಂಜಿಯ ತೂಕವನ್ನು ಬಲ್ಲದು. ಅದರಲ್ಲಿ ಬೆಲ್ಲದ ಪೆಂಟೆಯನ್ನಿಟ್ಟರೆ ಮುರಿದೀತು. ಕಿವಿಯಾದರೋ ಎರಡನ್ನೂ ತೂಗಬಲ್ಲ ತಕ್ಕಡಿ. ಮನುಷ್ಯನಿಗೆ ಕೇಳಿಸುವ ಅತಿ ಮೆಲುದನಿಗೂ ನೋವುಂಟುಮಾಡುವ ಆರ್ಭಟಕ್ಕೂ ಗಾಳಿಯ ಒತ್ತಡದಲ್ಲಿ ಸುಮಾರು 10 ಲಕ್ಷ ಪಟ್ಟು ಅಂತರ. ಒಳಕಿವಿಯು ಒತ್ತಡಕ್ಕೆ ಸಮಪ್ರಮಾಣದಲ್ಲಿ ಅಲುಗುವಂತಿದ್ದರೆ ಒಂದೋ ಪಿಸುಮಾತು ಕೇಳಿಸುತ್ತಿರಲಿಲ್ಲ, ಇಲ್ಲವೇ ಸಿಡಿಲಿಗೆ ಅದು ಹರಿದುಹೋಗುತ್ತಿತ್ತು. ಆದುದರಿಂದ ಪ್ರಕೃತಿಯು ಸಮಪ್ರಮಾಣದ ನಿಯಮವನ್ನು ಇಲ್ಲಿ ಬಿಟ್ಟುಕೊಟ್ಟಿದೆ. ಕಿವಿಯನ್ನು ಕುರಿತ ಗಣಿತದ ಒಂದು ಸಿದ್ಧಾಂತದಂತೆ, ಒತ್ತಡ 1000 ಪಟ್ಟು ಏರಿದರೆ ಅಲುಗಾಟ 10 ಪಟ್ಟು ಮಾತ್ರ ಏರುತ್ತದೆ. ಮೆಲುದನಿಗೆ ಧಾರಾಳ, ಜೋರುದನಿಗೆ ಬಿಗಿಹಿಡಿತ!

ಇದರ ಗುಟ್ಟು ಉಯ್ಯಾಲೆಯಲ್ಲಿದೆ. ತಾನಾಗಿ ತೂಗಲು ಕೂದಲೆಳೆಯಷ್ಟೇ ಕಡಿಮೆ ಬಲವನ್ನು ಒಬ್ಬನು ಉಯ್ಯಾಲೆಗೆ ಸದಾ ಊಡುತ್ತಿರುವನೆಂದು ಭಾವಿಸೋಣ. ಆಗ ಅದರ ಲಯಕ್ಕೆ ಹೊಂದಿದ ಒಂದು ಉಸಿರು ತಾಗಿದರೂ ಅದು ದೊಡ್ಡದಾಗಿ ತೂಗುತ್ತದೆ, ಲಯ ತಪ್ಪಿದ ನೂಕಿಗೆ ಮಣಿಯದು. ಜೀವಂತ ಕಿವಿಯೂ ಹೀಗೆಯೇ ಕಂಪನದ ಅಂಚಿನಲ್ಲಿ ಕಾದುನಿಂತಿದೆ. ಥಾಮಸ್ ಗೋಲ್ಡ್ ಎಂಬ ವಿಜ್ಞಾನಿ 1948ರಲ್ಲಿಯೇ ಕಿವಿಯು ತನ್ನದೇ ಶಕ್ತಿಯನ್ನು ಸುರಿದು ಕೇಳುತ್ತದೆಂದು ವಾದಿಸಿದನು. ಅಂದು ಅದನ್ನು ಲಕ್ಷಿಸಿದವರು ವಿರಳ. ಶವಗಳ ಕಿವಿಯನ್ನು ಪರೀಕ್ಷಿಸಿದ ಬೆಕೆಸಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆದರೆ ಊಡುವ ಕೈ ನಿಂತ ಉಯ್ಯಾಲೆ ತನ್ನ ಗುಟ್ಟನ್ನು ಬಿಟ್ಟುಕೊಡದು. 1978ರಲ್ಲಿ ಡೇವಿಡ್ ಕೆಂಪ್ ಜೀವಂತ ಕಿವಿಯಿಂದಲೇ ಸೂಕ್ಷ್ಮಧ್ವನಿ ಹೊರಡುವುದನ್ನು ಮೈಕಿನಿಂದ ಹಿಡಿದನು. ಕೇಳುವ ಕಿವಿ ನುಡಿಯುತ್ತಲೂ ಇತ್ತು!

ಈ ಕಥೆಯಲ್ಲಿ ನಮ್ಮ ನಾಡಿನ ಕೀಟಕ್ಕೂ ಪಾಲಿದೆ. ದಕ್ಷಿಣ ಭಾರತದ ಕುರುಚಲು ಪೊದೆಗಳಲ್ಲಿ ಈಕಾಂಥಸ್ ಹೆನ್ರಿಯಿ ಎಂಬ ಮರದ ಚಿಮ್ಮಂಡೆಯಿದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ಶಿಷ್ಯವರ್ಗ ಇದನ್ನು ಅಭ್ಯಸಿಸಿದೆ. ಆ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ನತಾಶಾ ಮ್ಹಾತ್ರೆಯವರು ಡೇನಿಯಲ್ ರಾಬರ್ಟರೊಡನೆ 2013ರಲ್ಲಿ, ಇದರ ಕಾಲಿನ ಕಿವಿಪೊರೆಯೂ ಅಂಚಿನಲ್ಲಿ ನಿಂತ ಉಯ್ಯಾಲೆಯಂತೆ ವರ್ತಿಸಿ ತನ್ನ ಕುಲದ ಹಾಡಿಗೇ ಶ್ರುತಿಗೂಡಿದೆಯೆಂದು ತೋರಿಸಿಕೊಟ್ಟರು. ಇನ್ನೊಂದು ಸೋಜಿಗ: ದನಿ ಕುಂದಿದ, ಮೈ ಸಣ್ಣದಾದ ಗಂಡುಗಳು ಎಲೆಯಲ್ಲಿ ರಂಧ್ರ ಕೊರೆದು, ಅಲ್ಲಿಂದ ಹಾಡಿ ತಮ್ಮ ದನಿಯನ್ನು ಹೆಚ್ಚಿಸಿಕೊಳ್ಳುತ್ತವೆ. ದುರ್ಬಲನಿಗೆ ಎಲೆಯೇ ಆಸರೆ.

ಇದರಿಂದ ಶಾಲೆಗೇನು ಪ್ರಯೋಜನವೆಂದು ಕೇಳುವವರುಂಟು. ಆರೋಗ್ಯವಂತ ಕಿವಿಗೆ 1000 ಮತ್ತು 1200 ಆವರ್ತನದ ಎರಡು ಸ್ವರಗಳನ್ನು ಒಮ್ಮೆಗೇ ಊದಿದರೆ, ಯಾರೂ ನುಡಿಸದ 800ರ ಸ್ವರವೊಂದು ಅದರೊಳಗೆ ಹುಟ್ಟಿ ಹೊರಬರುತ್ತದೆ. ಸಮಪ್ರಮಾಣದ ಯಂತ್ರದಲ್ಲಿ ಇದು ಅಸಂಭವ. ಆ ಮರುದನಿ ಬಾರದಿದ್ದರೆ ಮುಂದಿನ ಪರೀಕ್ಷೆ ಅಗತ್ಯ. ಮಾತು ಬಾರದ ಹಸುಗೂಸಿನ ಶ್ರವಣವನ್ನು ನೋವಿಲ್ಲದೆ ಅಳೆಯುವ ಉಪಾಯವಿದು. 1965ರಲ್ಲಿ ಸ್ಥಾಪಿತವಾದ ಮೈಸೂರಿನ ವಾಕ್ ಶ್ರವಣ ಸಂಸ್ಥೆ ನವಜಾತ ಶಿಶುಗಳ ಶ್ರವಣ ಪರೀಕ್ಷೆಯನ್ನು ನಡೆಸುತ್ತ ಬಂದಿದೆ.

ಹಿಂದಿನ ಬೆಂಚಿನ ಬಾಲಕನು ಕರೆದರೆ ಓಗೊಡನು. ಉಪಾಧ್ಯಾಯರು ಅವನನ್ನು ಮಂದಮತಿಯೆಂದರು, ಉದ್ಧಟನೆಂದರು, ಕಿವಿಯನ್ನೇ ಹಿಂಡಿದರು. ಅವನ ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ನಷ್ಟವಾಗಿದ್ದುವೆಂದು ಯಾರೂ ಎಣಿಸಲಿಲ್ಲ. ಮನುಷ್ಯನಲ್ಲಿ ಅವು ಒಮ್ಮೆ ಅಳಿದರೆ ಮತ್ತೆ ಚಿಗುರವು. ಅಂಥ ಬಾಲಕರು ಎಷ್ಟೋ ಶಾಲೆಗಳಲ್ಲಿ ನಪಾಸಾಗಿ ಮನೆ ಸೇರಿದ್ದಾರೆ. ಚಿಮ್ಮಂಡೆಗೆ ಎಲೆಯು ದೊರೆತಂತೆ ಅವರಿಗೂ ಸಕಾಲದಲ್ಲಿ ಒಂದು ಆಸರೆ ದೊರೆಯಬೇಕು. ದಂಡಿಸುವ ಕೈ ಒಂದು ಕ್ಷಣ ತಡೆದು, ಈ ಮಗುವಿಗೆ ಕೇಳಿಸುತ್ತಿದೆಯೇ ಎಂದು ವಿಚಾರಿಸುವುದೇ ಗುರುವಾದವನ ಮೊದಲ ಪಾಠ.